ಎಂಬತ್ತೆಂಟನೆಯ ಅಂಕಿ

ಅವರ ಬಲಗೈಯ ಕಿರುಬೆರಳಿಗೆ ಉಗುರಿರಲಿಲ್ಲ. ಆ ಜಾಗದಲ್ಲಿ ನುಣುಪಾದ ಚರ್ಮ, ಅದರ ತುದಿಗೆ ಸದಾ ಟೈಪ್ ರಿಬ್ಬನ್ನಿನ ಮಸಿ. ಸಪ್ತಾಪುರದಲ್ಲಿ ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದ ಅವರನ್ನು ನಾವೆಲ್ಲ ಅಕ್ಕೋರು ಎನ್ನುತ್ತಿದ್ದೆವು. ಕೀಲಿ ನೋಡಿಕೊಂಡು ಟೈಪ್ ಮಾಡುವ ಹುಡುಗಿಯರ ಕೈಮೇಲೆ ಕರವಸ್ತ್ರ ಹೊದಿಸಿ, "ಬೆರಳಿಗೆ ಗೊತ್ತಿರತೈತಿ, ಬಿಡು" ಅನ್ನುವುದು ಅವರ ರೂಢಿ.

ತೊಂಬತ್ತರ ದಶಕದ ನಡುವೆ ನನ್ನ ಗಣಿತದ ಪಿಎಚ್.ಡಿ. ಪ್ರಬಂಧವನ್ನು ಅವರಿಗೆ ಟೈಪ್ ಮಾಡಲು ಕೊಟ್ಟೆ. ಅದರಲ್ಲಿ ನೂರಾ ಐವತ್ತೊಂದು ಅಂಕಿಗಳ ಒಂದು ಸಂಖ್ಯೆಯಿತ್ತು. ಅದು ಅವಿಭಾಜ್ಯವಲ್ಲ, ಚಿಕ್ಕ ಸಂಖ್ಯೆಗಳ ಗುಣಲಬ್ಧ ಎಂಬುದು ಸಾಬೀತಾಗಿತ್ತು. ಯಾವ ಸಂಖ್ಯೆಗಳದು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ತಾಳೆ ನೋಡಿದರೆ ಎಂಬತ್ತೆಂಟನೆಯ ಅಂಕಿ ತಪ್ಪಾಗಿತ್ತು. ನಾನು ಬರೆದದ್ದು ಎಂಟು, ಅವರು ಹೊಡೆದದ್ದು ಮೂರು. ಮತ್ತೆ ಟೈಪ್ ಮಾಡಿದರು, ಮತ್ತೆ ಮೂರು. ಮೂರನೇ ಸಲ ಪಕ್ಕದಲ್ಲೇ ನಿಂತೆ. ಅವರ ಬೆರಳು ಎಂಟರ ಕಡೆ ಹೋಯಿತು, ಮುಟ್ಟದೆ ಹಿಂದಕ್ಕೆ ಸರಿಯಿತು. ಎಡಗೈಯ ಬೆರಳು ಮೂರರ ಮೇಲೆ ಬಿತ್ತು.

"ಅಲ್ಲಿ ಎಂಟೈತ್ರಿ ಅಕ್ಕೋರ!"

"ಕಾಣಸ್ತೈತಿ ತಂಗಿ. ಬೆರಳು ಒಲ್ಲೆ ಅಂತಾವ."

ಪ್ರಬಂಧ ಸಲ್ಲಿಸಲು ಒಂದೇ ವಾರವಿತ್ತು. ಹುಡುಗಿಯರ ಎದುರಿಗೇ ರೇಗಿ, ಹಾಳೆ ಕಿತ್ತುಕೊಂಡು ಹೊರಟುಬಂದೆ. ಮರುದಿನ ಮಾರ್ಗದರ್ಶಕರ ಮೂಲ ಹಾಳೆ ತೆಗೆಸಿ ನೋಡಿದೆ. ಅಲ್ಲಿ ಮೂರೇ ಇತ್ತು. ನಕಲು ಮಾಡುವಾಗ ನಾನೇ ಎಂಟೆಂದು ಬರೆದಿದ್ದೆ. ಆ ಮೂಲ ಹಾಳೆಯನ್ನು ಅಕ್ಕೋರು ಕಂಡೇ ಇರಲಿಲ್ಲ.

ಹೋಗಿ ಹೇಳಿದಾಗ ಅವರಿಗೇನೂ ಹಿಗ್ಗಾಗಲಿಲ್ಲ. ಮುಖ ಬಾಡಿತು.

"ಈ ಸಂಖ್ಯೆ ಒಡೀತೈತಿ ಅಂತ ಬರದೀಯಲ್ಲ, ಖಾತ್ರಿ ಐತೇನು?"

"ಹೌದ್ರಿ."

"ಎದರಿಂದ ಒಡೀತೈತಿ ಅಂತ ಗೊತ್ತಿಲ್ಲ?"

"ಇಲ್ಲರಿ."

"ಅಂದ್ರ ಒಳಗ ಯಾರೋ ಅದಾರ," ಎಂದು ಮೆಲ್ಲಗೆ ಹೇಳಿದರು. ನಗಬೇಕೆಂದುಕೊಂಡೆ, ಆಗಲಿಲ್ಲ.

ಪ್ರಬಂಧ ಮುಗಿದ ಮೇಲೂ ಆ ಸಂಖ್ಯೆ ಅವರನ್ನು ಬಿಡಲಿಲ್ಲ. ಒಂದು ಮಧ್ಯಾಹ್ನ ಹೋದಾಗ ಕ್ಲಾಸ್ ಖಾಲಿ. ಒಂದನ್ನು ಬಿಟ್ಟು ಮಷಿನ್ನುಗಳಿಗೆಲ್ಲ ಮುಸುಕು ಹಾಕಿತ್ತು. ಅದರ ಮುಂದೆ ಅಕ್ಕೋರು ಕಣ್ಣು ಮುಚ್ಚಿ ಟೈಪ್ ಮಾಡುತ್ತಿದ್ದರು. ಮಷಿನ್ನಿನಲ್ಲಿ ಕಾಗದವೇ ಇರಲಿಲ್ಲ. ಬರಿಯ ರೋಲರಿನ ಮೇಲೆ ಅಚ್ಚು ಬಡಿಯುತ್ತಿತ್ತು. ಬಾಗಿಲಲ್ಲೇ ನಿಂತು ಹೊಡೆತಗಳನ್ನು ಎಣಿಸಿದೆ. ನಲವತ್ತೇಳಾದ ಮೇಲೆ ಕೈ ನಿಂತಿತು. ಸ್ವಲ್ಪ ತಡೆದು ನೂರಾ ಐವತ್ತೊಂದರವರೆಗೆ ಉಳಿದದ್ದು ಮುಗಿಸಿದರು. ಮತ್ತೆ ಮೊದಲಿಂದ ಶುರುಮಾಡಿದರು. ಮತ್ತೆ ಅಲ್ಲಿಗೇ ನಿಂತರು.

"ಅಲ್ಲ್ಯಾಕ ನಿಂದರ್ತೀರಿ ಅಕ್ಕೋರ?"

ಕಣ್ಣು ತೆರೆಯದೆ ಹೇಳಿದರು: "ನಾ ನಿಂದರೂದಿಲ್ಲ ತಂಗಿ. ಅದು ನಿಂದರತೈತಿ."

ಹತ್ತಾರು ವರ್ಷ ಕಳೆದವು. ನಾನು ಅಧ್ಯಾಪಕಿಯಾದೆ. ದೂರದ ದೇಶದಲ್ಲಿ ಯಾರೋ ಹಲವು ಕಂಪ್ಯೂಟರುಗಳನ್ನು ತಿಂಗಳುಗಟ್ಟಲೆ ಓಡಿಸಿ ಆ ಸಂಖ್ಯೆಯನ್ನು ಒಡೆದ ಸುದ್ದಿ ಬಂತು. ಎರಡು ಅಪವರ್ತನಗಳು. ಚಿಕ್ಕದರಲ್ಲಿ ನಲವತ್ತೇಳು ಅಂಕಿಗಳು. ಕಾಕತಾಳೀಯವೇ ಇರಬೇಕು, ನನ್ನ ವಿದ್ಯಾರ್ಥಿ ಯಾರಾದರೂ ಕೇಳಿದ್ದರೆ ಹಾಗೆಂದೇ ಹೇಳುತ್ತಿದ್ದೆ. ಆದರೆ ಅಂದು ಎರಡು ಸಲ ಎಣಿಸಿ, ಅಕ್ಕೋರು ಈಗ ಎಲ್ಲಿದ್ದಾರೆಂದು ವಿಚಾರಿಸಿದೆ.

ಅಕ್ಕೋರು ಹುಬ್ಬಳ್ಳಿಯಲ್ಲಿ ತಮ್ಮ ತಂಗಿಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಹೋಗಿ ಕಿವಿಯ ಹತ್ತಿರ ಬಾಗಿ ಹೇಳಿದೆ: "ಒಡೀತ್ರಿ ಅಕ್ಕೋರ. ಎರಡಾತು."

"ಅವೂ ಒಡೀತಾವೇನು?"

"ಇಲ್ಲರಿ. ಇನ್ನ ಅವು ಒಡಿಯೂದಿಲ್ಲ."

"ಪಾಪ, ಕೂಡಿ ಇದ್ದವು," ಎಂದರು.

ಅದೇ ತಿಂಗಳು ತೀರಿಕೊಂಡರು.

ನನ್ನ ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಹನ್ನೊಂದು ಹೆಸರುಗಳಿವೆ. ಅವರದಿಲ್ಲ. ಹಾಕಿದ್ದರೆ ಯಾಕೆಂದು ಮಾರ್ಗದರ್ಶಕರು ಕೇಳುತ್ತಿದ್ದರು, ನನ್ನ ತಪ್ಪನ್ನು ಹೇಳಬೇಕಾಗುತ್ತಿತ್ತು. ಆ ಪುಟವನ್ನು ಟೈಪ್ ಮಾಡಿದವರೂ ಅವರೇ. ಹನ್ನೊಂದೂ ಹೆಸರು ಹೊಡೆದು, ಇನ್ನೇನಾದರೂ ಇದೆಯೇ ಎಂಬಂತೆ ಒಮ್ಮೆ ನನ್ನ ಮುಖ ನೋಡಿ, ಹಾಳೆ ಹೊರಗೆ ತೆಗೆದುಕೊಟ್ಟರು.