ದೀಪ ಆರಿದ ಮೇಲೆ ತೆಗೆದ ಫೋಟೋ

ಬೆಳಕು ಬೀಳದೆ ಫಿಲ್ಮಿನ ಮೇಲೆ ಏನೂ ಮೂಡುವುದಿಲ್ಲ. ಇದನ್ನು ನಾನು ಈಗಲೂ ನಂಬುತ್ತೇನೆ. ಯಾರಾದರೂ ವಿಚಿತ್ರವಾದ ಫೋಟೋ ತೋರಿಸಿದರೆ ಮೊದಲು ಶಟರ್ ವೇಗ ಎಷ್ಟಿತ್ತು ಎಂದು ಕೇಳುವ ಸ್ವಭಾವ ನನ್ನದು. ಆದರೂ ಕೆಲವು ವರ್ಷಗಳ ಹಿಂದೆ, ಬೈಲಹೊಂಗಲದಲ್ಲಿ ಗೌರಿ ಹುಣ್ಣಿಮೆಯ ಸಂಜೆ ನಡೆದದ್ದನ್ನು ನಡೆದಂತೆಯೇ ಹೇಳುತ್ತೇನೆ.

ಆಯಿ, ಎಂದರೆ ನನ್ನ ಅವ್ವನ ತಾಯಿ, ಮುಂದಿನ ಹಲ್ಲು ಬಿದ್ದ ಮೇಲೆ ಕ್ಯಾಮೆರಾ ಕಂಡರೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಮನೆಯ ಯಾವ ಫೋಟೋದಲ್ಲೂ ಅವಳ ನಗು ಇರಲಿಲ್ಲ. ಆ ವರ್ಷ ಅವಳ ಆರೋಗ್ಯ ದಿನೇ ದಿನೇ ಇಳಿಯುತ್ತಿತ್ತು. ಹಬ್ಬಕ್ಕೆಂದು ಇಬ್ಬರೂ ಸವದತ್ತಿಯಿಂದ ಆಯಿಯ ಮನೆಗೆ ಹೊರಡುವಾಗಲೇ ಅವ್ವ ನನಗೆ, "ನಮ್ಮವ್ವ ನಗೂದೊಂದ ಫೋಟೋ ತಗದ ಕೊಡ, ಸಾಕು," ಎಂದಿದ್ದಳು.

ಕಣ್ಣಿನ ಪೊರೆ ತೆಗೆಸಿದ್ದ ಆಯಿಗೆ ಫ್ಲ್ಯಾಶ್ ಆಗುತ್ತಿರಲಿಲ್ಲ. ಹಾಗಾಗಿ ನಾಲ್ಕುನೂರು ಐಎಸ್‌ಒ ವೇಗದ ಕಪ್ಪು-ಬಿಳುಪು ಫಿಲ್ಮ್ ಹಾಕಿ, ಕಾಲು ಭಾಗ ಬೆಳಕೇ ಸಾಕೆಂಬಂತೆ ಮೀಟರನ್ನು ಹದಿನಾರುನೂರಕ್ಕೆ ಇಟ್ಟೆ. ಹೀಗೆ ಕಡಿಮೆ ಬೆಳಕು ಉಂಡ ಫಿಲ್ಮನ್ನು ಆಮೇಲೆ ಡೆವಲಪರ್‌ನಲ್ಲಿ ಹೆಚ್ಚು ಹೊತ್ತು ಇಡಬೇಕು. ಚಿತ್ರ ಕಾಳುಕಾಳಾದರೂ ಮುಖ ಸಿಗುತ್ತದೆ. ಲೆನ್ಸನ್ನು ಪೂರ್ತಿ ತೆರೆದು, ಕೈ ಅಲುಗದಂತೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತೆ. ಪ್ರತಿ ಫೋಟೋದ ವಿವರವನ್ನು ಎಂದಿನಂತೆ ದಿನಚರಿಯಲ್ಲಿ ಬರೆದುಕೊಳ್ಳುತ್ತಿದ್ದೆ. 'ಬೆಳಕು' ಎಂಬಲ್ಲಿ ಎಲ್ಲಕ್ಕೂ ಒಂದೇ ಮಾತು: ಹಣತೆ.

ಕರೆಂಟ್ ಹೋಗಿತ್ತು. ಓಣಿಯ ಹುಡುಗಿಯರು ಸಕ್ಕರೆ ಆರತಿ ಹಿಡಿದು ಗುಡಿಗೆ ಹೋಗಿದ್ದರು. ಆಯಿ ತನ್ನ ತಟ್ಟೆಯಲ್ಲಿ ಸಕ್ಕರೆಯ ಗಿಳಿ, ಆನೆ, ಬಸವಣ್ಣ ಜೋಡಿಸಿ, ನಡುವೆ ಹಣತೆ ಹಚ್ಚಿ ಪಡಸಾಲೆಯಲ್ಲಿ ಕುಳಿತಿದ್ದಳು.

"ಸೆರಗ ಸರಸ ಆಯಿ, ಒಂದ ಸಲ."

"ಬೊಚ್ಚ ಬಾಯಿ ತಗೊಂಡ ಏನ್ ಮಾಡ್ತಿಯವಾ? ಈ ಸಕ್ಕರಿ ಆನೀದ ತಗಿ. ಅದಕ್ಕರ ಹಲ್ಲ ಅದಾವ. ಕತ್ತಲಾಗ ನಿನ್ನ ಡಬ್ಬಿಗೆ ಕಣ್ಣರ ಕಾಣ್ತಾವೇನು?"

ಅಷ್ಟರಲ್ಲಿ ಬಾಗಿಲಿನಿಂದ ಗಾಳಿ ನುಗ್ಗಿ ಹಣತೆ ಆರಿತು. ಬೆಚ್ಚಿದ ನನ್ನ ಬೆರಳು ಶಟರ್ ಒತ್ತಿಬಿಟ್ಟಿತು. ನನ್ನ ಕೈಯೇ ನನಗೆ ಕಾಣದಂಥ ಕತ್ತಲೆ. ಬಾಗಿಲು ಪಡುವಣಕ್ಕಿದೆ, ಚಂದ್ರ ಮನೆಯ ಹಿಂದಿದ್ದ. ಅಡುಗೆಮನೆಯಿಂದ ಅವ್ವ, "ಯವ್ವಾ, ಕಡ್ಡಿಪೆಟ್ಟಿಗಿ ಎಲ್ಲಿಟ್ಟಿ?" ಎಂದು ಕೂಗಿದಳು. ಮತ್ತೆ ದೀಪ ಹಚ್ಚಿದಾಗ ಆಯಿಯ ಸೆರಗು ಬಾಯಿಯ ಮೇಲೆಯೇ ಇತ್ತು. 'ದೀಪ ಆರಿತು, ಹಾಳು' ಎಂದು ಬರೆದುಕೊಂಡೆ.

ಸವದತ್ತಿಯ ಮನೆಯ ಬಚ್ಚಲಲ್ಲಿ ಆ ಫಿಲ್ಮ್ ತೊಳೆದೆ. ಬೆಳಕು ಬೀಳದ ನೆಗೆಟಿವ್ ಗಾಜಿನಂತೆ ಖಾಲಿ ಇರಬೇಕು. ಇರಲಿಲ್ಲ. ಪ್ರಿಂಟ್ ಮಾಡಿ ನೋಡಿದೆ. ಬೇರೆಲ್ಲದರಲ್ಲೂ ಸೆರಗೇ. ಅದೊಂದರಲ್ಲಿ ಮಾತ್ರ ಆಯಿ ಸೆರಗು ಬಿಟ್ಟು, ಬೋಳು ವಸಡು ಕಾಣುವಂತೆ ನಗುತ್ತಿದ್ದಾಳೆ. ಕೆಳಗಿನಿಂದ ಮುಖದ ತುಂಬ ಮೆತ್ತನೆಯ ಬೆಳಕು. ತಟ್ಟೆಯ ಹಣತೆಯ ಬತ್ತಿಯಾದರೋ ಕಪ್ಪಗೆ ಆರಿದೆ.

ಆ ಪ್ರಿಂಟನ್ನು ಆಯಿಗೆ ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು.

"ದೀಪ ಹೋಗಿತ್ತಲ್ಲವಾ," ಎಂದಳು ಮೆಲ್ಲಗೆ. "ಕತ್ತಲಾಗ ಯಾರ್ ನೋಡ್ತಾರಂತ ನಕ್ಕಿದ್ನಿ."

ಆಮೇಲೆ ಸೆರಗಿಗೆ ಕೈ ಹಾಕಿದವಳು, ಯಾಕೋ ಹಾಗೆಯೇ ಬಿಟ್ಟಳು.

ಅದೇ ಬಗೆಯ ಫಿಲ್ಮ್ ಹಾಕಿ, ಅದೇ ಪಡಸಾಲೆಯ ಕತ್ತಲೆಯಲ್ಲಿ ಎಷ್ಟೋ ಸಲ ಶಟರ್ ಒತ್ತಿ ನೋಡಿದ್ದೇನೆ. ಪ್ರತಿ ಸಲವೂ ಖಾಲಿ ಗಾಜು. ಆಯಿ ಈಗಿಲ್ಲ. ಆ ಫೋಟೋ ಅವ್ವನ ದೇವರ ಪಕ್ಕದಲ್ಲಿದೆ. ಬೆಳಕು ಎಲ್ಲಿಂದ ಬಂತೆಂದು ಅವಳು ಒಮ್ಮೆಯೂ ಕೇಳಿಲ್ಲ. ದಿನಚರಿಯಲ್ಲಿ 'ಹಾಳು' ಎಂಬುದನ್ನು ಹೊಡೆದುಹಾಕಿದ್ದೇನೆ. 'ಬೆಳಕು' ಎಂಬಲ್ಲಿ ಇನ್ನೂ ಏನೂ ಬರೆದಿಲ್ಲ.