ಅಕ್ಕನ ಬಳೆಯೊಳಗೆ ಒಂದೇ ನಕ್ಷತ್ರ

ಸಂಕ್ರಾಂತಿ ಕಳೆದ ಮೊದಲ ಭಾನುವಾರ, ಸಂಜೆ ಐದು ಗಂಟೆ ಹತ್ತು ನಿಮಿಷ. ಏನನ್ನೇ ಬರೆಯುವಾಗಲೂ ದಿನವನ್ನೂ ಹೊತ್ತನ್ನೂ ಮೊದಲು ಬರೆದುಕೊಳ್ಳುವುದು ಆರನೆಯ ತರಗತಿಯಿಂದ ಬಂದ ಅಭ್ಯಾಸ. ಅದನ್ನು ಕಲಿಸಿದ್ದು ಆಕಾಶ. ಮೊಮ್ಮಕ್ಕಳೇ, ಈ ಸಂಗತಿಯನ್ನು ನಿಮಗೆ ಇದುವರೆಗೆ ಹೇಳಿರಲಿಲ್ಲ.

ನಾನು ಚಿಕ್ಕವಳಿದ್ದಾಗ ನಕ್ಷತ್ರಗಳೆಲ್ಲ ಅರಳಿದ ಹತ್ತಿಯ ಹಾಗಿದ್ದವು. ಅಂಚಿಲ್ಲದ, ಮೆತ್ತನೆಯ, ಒಂದಕ್ಕೊಂದು ಅಂಟಿಕೊಂಡ ಬೆಳಕಿನ ಉಂಡೆಗಳು. ಎಲ್ಲರಿಗೂ ಹಾಗೆಯೇ ಕಾಣುತ್ತವೆ ಎಂದುಕೊಂಡಿದ್ದೆ. ಇನ್ನೊಬ್ಬರ ಕಣ್ಣೊಳಗೆ ಹೊಕ್ಕು ನೋಡಿ ಬರಲು ಯಾರಿಗಾದರೂ ಆಗುತ್ತದೆಯೇ?

ನಾವಾಗ ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದಲ್ಲಿದ್ದೆವು. ಅಪ್ಪ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ಅವರ ಕೈಗೆ ಸದಾ ರಬ್ಬರ್ ಗ್ಲೌಸಿನ ವಾಸನೆ. ಸಂಜೆಯಾದರೆ ಬೀದಿ ದೀಪಗಳ ಸ್ವಿಚ್ಚು ಹಾಕುವುದು, ಬೆಳಗಾದರೆ ಆರಿಸುವುದು, ಕೆಟ್ಟ ಬಲ್ಬು ಬದಲಿಸುವುದು ಅವರ ಕೆಲಸ. ಊರಿಗೆ ಬೆಳಕು ಕೊಡುವವರು ತಾವೇ ಎನ್ನುವ ಸಣ್ಣ ಜಂಬ ಅವರಿಗಿತ್ತು. ನನಗೂ ಇತ್ತು.

ನಾನು ಆರನೆಯ ತರಗತಿಯಲ್ಲಿದ್ದ ಚಳಿಗಾಲದಲ್ಲಿ ಶಾಲೆಯ ಮೇಷ್ಟ್ರು ನಮಗೆ ಒಂದು ಹೊಸ ಮನೆಗೆಲಸ ಕೊಟ್ಟರು. ಪ್ರತಿಯೊಬ್ಬರೂ ಒಂದು ಗಾಜಿನ ಬಳೆ ತೆಗೆದುಕೊಳ್ಳಬೇಕು. ಎಲ್ಲರ ಬಳೆಯೂ ಒಂದೇ ಅಳತೆಯದಾಗಿರಬೇಕು. ಕತ್ತಲಾದ ಮೇಲೆ ಅದನ್ನು ನೆಟ್ಟಗೆ ಚಾಚಿದ ಕೈಯಲ್ಲಿ ಹಿಡಿದು, ಕೃತ್ತಿಕೆಯ ಗೊಂಚಲು ನಡುವೆ ಬರುವಂತೆ ನೋಡಿ, ಬಳೆಯೊಳಗೆ ಕಂಡ ನಕ್ಷತ್ರಗಳನ್ನು ಎಣಿಸಬೇಕು. ಮರುದಿನ ಅದನ್ನು ತಾರೀಖು, ಹೊತ್ತಿನೊಂದಿಗೆ ಒಪ್ಪಿಸಬೇಕು.

“ಇಡೀ ಆಕಾಶ ಎಣಿಸಾದು ಯಾರ ಕೈಲೂ ಆಗಲ್ಲ. ಅಲ್ಲೊಂದು ಬಳೆ, ಇಲ್ಲೊಂದು ಬಳೆ ಎಣಿಸಾಣ. ಆಮ್ಯಾಲೆ ಆಕಾಶಕ್ಕೆ ಎಷ್ಟು ಬಳೆ ಹಿಡೀತವೆ ಅಂತ ಲೆಕ್ಕ ಹಾಕಿ ಗುಣಿಸಾಣ. ದೊಡ್ಡ ದೊಡ್ಡ ವಿಜ್ಞಾನಿಗಳೂ ಹಿಂಗೇ ಶುರು ಮಾಡಿದ್ದು,” ಎಂದರು ಮೇಷ್ಟ್ರು.

ಹುಡುಗರೆಲ್ಲ ಅಕ್ಕತಂಗಿಯರ ಹತ್ತಿರ ಬೈಸಿಕೊಂಡು ಬಳೆ ತಂದರು. ನಾನು ಅಕ್ಕನ ಹಸಿರು ಬಳೆ ಇಸಿದುಕೊಂಡೆ. ಮನೆಯ ಮಾಳಿಗೆಯ ಮೇಲೆ ನಿಂತು, ಕೈ ಸೋಲುವವರೆಗೆ ಬಳೆ ಹಿಡಿದು ನೋಡಿದೆ. ಒಳಗೆ ಒಂದೇ ಒಂದು ಹತ್ತಿಯುಂಡೆ. ಒಂದು ಎಂದು ಬರೆದೆ.

ಮರುದಿನ ಮೇಷ್ಟ್ರು ಒಬ್ಬೊಬ್ಬರನ್ನೇ ಕೇಳಿ ಬೋರ್ಡಿನ ಮೇಲೆ ಬರೆಯುತ್ತಾ ಹೋದರು. “ಎಂಟು ಸಾರ್.” “ಒಂಬತ್ತು ಸಾರ್.” “ಎಂಟು ಸಾರ್.” ನನ್ನ ಸರದಿ ಬಂತು. “ಒಂದು ಸಾರ್.”

ತರಗತಿ ಒಮ್ಮೆಲೇ ನಕ್ಕಿತು. ಹಿಂದಿನ ಬೆಂಚಿನ ಹುಡುಗನೊಬ್ಬ, “ಬಳೆ ಅಂದ್ರೆ ಉಂಗುರ ತಗಂಡು ಹೋಗಿದ್ಳೇನೋ ಸಾರ್,” ಎಂದ.

“ಏನವ್ವ, ಆಕಾಶ ನೋಡಿದ್ಯೋ, ಕೌದಿ ಹೊದ್ಕಂಡು ಮಲಗಿದ್ಯೋ?” ಎಂದರು ಮೇಷ್ಟ್ರು.

ಮಾರನೆಯ ದಿನವೂ ಒಂದು. ಅದರ ಮಾರನೆಯ ದಿನವೂ ಒಂದು. ಎಂಟು ಎಂದು ಹೇಳಿ ಕುಳಿತುಬಿಡಬಹುದಿತ್ತು. ಆದರೆ ಎಣಿಸಿದ್ದನ್ನೇ ಹೇಳಬೇಕು ಎಂದು ಮೇಷ್ಟ್ರು ಮೊದಲ ದಿನವೇ ಹೇಳಿದ್ದರು. ನನಗೆ ಬೇರೆ ತೋಚಲಿಲ್ಲ. ವಾರ ಕಳೆಯುವುದರೊಳಗೆ ಮೇಷ್ಟ್ರಿಗೆ ಸಿಟ್ಟು ಬಂತು. ರಸ್ತೆಯಲ್ಲಿ ಸಿಕ್ಕಿದ ಅಪ್ಪನಿಗೆ, “ಬೋರ್ಡ್ ನೋಡಿ ಬರಿಯೋದ್ರಾಗೂ ಹಿಂಗೇ, ಚುಕ್ಕೆ ಎಣಿಸಾದ್ರಾಗೂ ಹಿಂಗೇ. ನಿಮ್ಮ ದೊಡ್ಡ ಮಗಳು ಹಿಂಗಿರಲಿಲ್ಲಪ್ಪ,” ಎಂದರು. ಅಂದಿನಿಂದ ಅಪ್ಪ ಮನೆಗೆ ಬಂದವರ ಮುಂದೆಲ್ಲ, “ಚಿಕ್ಕೋಳ ಬುದ್ಧಿ ಸ್ವಲ್ಪ ಮಂದ,” ಎಂದು ಮೆಲ್ಲಗೆ ಹೇಳತೊಡಗಿದರು. ಎಷ್ಟೇ ಮೆಲ್ಲಗೆ ಹೇಳಿದರೂ ನನಗೆ ಕೇಳಿಸುತ್ತಿತ್ತು. ನನ್ನ ಕಿವಿಗಳು ಚೆನ್ನಾಗಿದ್ದವು.

ಹೀಗಿರುವಾಗ ಒಂದು ಶನಿವಾರ ಚಿತ್ರದುರ್ಗದ ಕಾಲೇಜಿನಲ್ಲಿ ಪಾಠ ಹೇಳುವ ಮೇಡಮ್ಮೊಬ್ಬರು ದೂರದರ್ಶಕ ತೆಗೆದುಕೊಂಡು ನಮ್ಮ ಶಾಲೆಗೆ ಬಂದರು. ಬಸ್ಸಿನ ಮೇಲಿಂದ ಕಂಬಳಿ ಸುತ್ತಿದ ಉದ್ದನೆಯ ತಗಡಿನ ಕೊಳವೆಯನ್ನು ಇಳಿಸಿಕೊಂಡರು. ಅದರ ತಳದಲ್ಲಿದ್ದ ಗುಂಡು ಕನ್ನಡಿಯನ್ನು ಅವರೇ ತಿಂಗಳುಗಟ್ಟಲೆ ಉಜ್ಜಿ ತಯಾರಿಸಿದ್ದರಂತೆ. ಕೊಳವೆಯ ಮೇಲ್ತುದಿಯ ಪಕ್ಕದಲ್ಲಿ ಒಂದು ಸಣ್ಣ ಹಿತ್ತಾಳೆ ನಳಿಗೆ. ಅದರಲ್ಲಿ ಕಣ್ಣಿಟ್ಟು ನೋಡಬೇಕು. ಆ ನಳಿಗೆ ಹಿಂದೆ ಮುಂದೆ ಜಾರುತ್ತಿತ್ತು.

ನಕ್ಷತ್ರ ನೋಡಲು ಕತ್ತಲೆ ಬೇಕು. ಮೇಷ್ಟ್ರು ಅಪ್ಪನ ಹತ್ತಿರ ಬಂದು, ಒಂದು ತಾಸು ಬೀದಿ ದೀಪ ಆರಿಸಿಕೊಡಿ ಎಂದು ಕೇಳಿದರು. ಅಪ್ಪ ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟು ಬಂದರು. “ದೀಪ ಹಚ್ಚಿ ಮರ್ಯಾದೆ ತಗಳ್ಳೋರು ಇರ್ತಾರೆ, ಆರಿಸಿ ಮರ್ಯಾದೆ ತಗಳ್ಳೋನು ನಾನೊಬ್ನೇ ನೋಡ್ರಿ,” ಎಂದು ಎಲ್ಲರನ್ನೂ ನಗಿಸಿದರು.

ಏಳೂವರೆಗೆ ದೀಪಗಳು ಹೋದವು. ಶಾಲೆಯ ಬಯಲಿನಲ್ಲಿ ನೆರೆದವರ ಬಾಯಿಂದ ‘ಓ’ ಎಂಬ ಉದ್ಗಾರ ಬಂತು. ಯಾರೋ ಮಡಿಲಲ್ಲಿ ತಂದ ಹುರಿದ ಕಡಲೆಕಾಯಿಯ ವಾಸನೆ, ಕಂಬಳಿಗಳ ವಾಸನೆ, ಕಾಲ ಕೆಳಗೆ ತಣ್ಣಗಿನ ಮಣ್ಣು. ಎಲ್ಲರೂ ಮೇಲೆ ನೋಡುತ್ತಿದ್ದರು. ನಾನೂ ನೋಡಿದೆ. ಹತ್ತಿ ಸ್ವಲ್ಪ ಜಾಸ್ತಿಯಾಗಿತ್ತು.

ಮೇಡಮ್ ಕೊಳವೆಯನ್ನು ಶನಿಗ್ರಹಕ್ಕೆ ತಿರುಗಿಸಿದ್ದರು. ಪಂಚಾಯ್ತಿ ಚೇರ್ಮನ್ನರು, “ನೋಡಿದ್ರೆ ಸಾಡೇಸಾತಿ ಗೀಡೇಸಾತಿ ಹತ್ಕಂತದೇನ್ರಿ ಮೇಡಮ್? ಮದ್ಲು ಒಂದು ಹುಡುಗೂಗೆ ತೋರಿಸ್ರಿ,” ಎಂದರು. ಎಲ್ಲರೂ ನಕ್ಕರು. ದೀಪ ಆರಿಸಿದವರ ಮಗಳೆಂದು ಮೇಷ್ಟ್ರು ನನ್ನನ್ನೇ ಸ್ಟೂಲಿನ ಮೇಲೆ ಹತ್ತಿಸಿದರು. “ಕೈ ಬೆನ್ನ ಹಿಂದೆ ಇರ್ಲಿ. ಏನೂ ಮುಟ್ಟಬ್ಯಾಡ.”

ಕಣ್ಣಿಟ್ಟೆ. ಮತ್ತದೇ ಹತ್ತಿಯುಂಡೆ, ಇನ್ನಷ್ಟು ದೊಡ್ಡದು. ಇನ್ನೂ ಹತ್ತಿರ ಬಾಗಲು ಹೋದಾಗ ಸ್ಟೂಲು ಅಲುಗಿತು. ಬೀಳುವ ಭಯಕ್ಕೆ ಹಿತ್ತಾಳೆ ನಳಿಗೆಯನ್ನು ಹಿಡಿದುಕೊಂಡೆ. ಅದು ಒಂದಿಷ್ಟು ಒಳಕ್ಕೆ ಜಾರಿತು. ಹತ್ತಿಯುಂಡೆ ಕುಗ್ಗಿತು. ನಾನು ಉಸಿರು ಹಿಡಿದು ಇನ್ನೊಂಚೂರು ಒತ್ತಿದೆ. ನಡುವೆ ಗುಂಡು, ಸುತ್ತ ಓರೆಯಾಗಿ ಒಂದು ಉಂಗುರ, ಎರಡರ ನಡುವೆ ಕಪ್ಪು ಸಂದು. ದೂರದ ವಸ್ತುವಿಗೂ ಅಂಚು ಇರುತ್ತದೆ ಎನ್ನುವುದನ್ನು ನಾನು ನೋಡಿದ್ದು ಅದೇ ಮೊದಲು.

ಮೇಷ್ಟ್ರು ನನ್ನನ್ನು ಇಳಿಸಿದರು. ಚೇರ್ಮನ್ನರು ಪಂಚೆ ಎತ್ತಿಕಟ್ಟಿ ಬಂದು ಕಣ್ಣಿಟ್ಟರು. “ಏನ್ರೀ ಇದು, ಬರೇ ಮಂಜು ಐತೆ!”

ಮೇಷ್ಟ್ರು ನೋಡಿದರು. ಅವರಿಗೂ ಮಂಜು. “ಲೇ, ಮುಟ್ಟಿದ್ಯಾ?”

“ಹೂಂ ಸಾರ್. ಮುಟ್ಟಿದ ಮ್ಯಾಲೇ ಕಾಣ್ತು.”

“ಕೆಡಿಸಿಬಿಟ್ಳು, ಕೆಡಿಸಿಬಿಟ್ಳು,” ಎಂದು ಹುಡುಗರು ಕೂಗಿದರು. ಚೇರ್ಮನ್ನರು, “ಶನಿ ಹುಡುಗೀಗೇ ಹತ್ಕಂತು ಬಿಡ್ರಿ. ಏನಪ್ಪ ಲೈನ್‌ಮನ್ನು, ಊರಿಗೆಲ್ಲ ಕತ್ತಲೆ ಮಾಡಿದ್ದು ಮಗಳಿಗೆ ಆಟ ಆಡಾಕಾ?” ಎಂದರು.

ಕತ್ತಲಲ್ಲಿ ಅಪ್ಪನ ಕೈ ನನ್ನ ಕಿವಿಯನ್ನು ಹುಡುಕಿ ಹಿಂಡಿತು. ಆಮೇಲೆ ಅವರು ಮೇಡಮ್ಮಿಗೆ ಕೈಮುಗಿದು, ಈ ಸಲ ಮೆಲ್ಲಗೆ ಅಲ್ಲ, ಬಯಲಿಗೆಲ್ಲ ಕೇಳುವಂತೆ ಹೇಳಿದರು: “ತಪ್ಪಾತು ಮೇಡಮ್ಮಾರೆ. ಇವಳ ಬುದ್ಧಿ ಮಂದ ಐತೆ. ಹೊಟ್ಟೆಗೆ ಹಾಕ್ಕಳ್ರಿ.”

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಮುಖ ಕಾಣದ ಕತ್ತಲಲ್ಲೂ ನಾನು ಲಂಗದ ಅಂಚನ್ನು ಮುಖಕ್ಕೆ ಎಳೆದುಕೊಂಡೆ. ಇಸ್ತ್ರಿ ಅಂಗಿ ತೊಟ್ಟು ಬಂದ ಅಪ್ಪನ ತಲೆ ನನ್ನಿಂದ ತಗ್ಗಿತು ಎನ್ನುವುದೊಂದೇ ಮನಸ್ಸಿನಲ್ಲಿತ್ತು.

ಮೇಡಮ್ ಕೆಂಪು ಕಾಗದ ಸುತ್ತಿದ ಬ್ಯಾಟರಿ ಹಿಡಿದು ನಳಿಗೆಯನ್ನು ಹೊರಕ್ಕೆ ಸರಿಸಿ ನೋಡಿದರು. “ಏನೂ ಕೆಟ್ಟಿಲ್ಲ. ಬನ್ನಿ, ನೋಡಿ.” ಚೇರ್ಮನ್ನರು ನೋಡಿ, “ಅಯ್ಯೋ ಶಿವನೇ!” ಎಂದರು. ಜನ ಮುಂದಕ್ಕೆ ನುಗ್ಗಿದರು. ಅಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಮೇಡಮ್ ನನ್ನನ್ನು ಪಕ್ಕಕ್ಕೆ ಕರೆದು, “ನಿನಗೆ ಏನು ಕಾಣ್ತು?” ಎಂದು ಕೇಳಿದರು. ಹೇಳಿದೆ. ಓರೆ ಉಂಗುರ, ಕಪ್ಪು ಸಂದು.

ಅವರು ಸಾಲು ಕರಗಿದ ಮೇಲೆ ಕೊಳವೆಯನ್ನು ಒಂದು ನಕ್ಷತ್ರದ ಕಡೆಗೆ ತಿರುಗಿಸಿ, ನಳಿಗೆಯನ್ನು ಪೂರ್ತಿ ಹೊರಗೆಳೆದು, “ಚುಕ್ಕೆ ಸಣ್ಣದಾಗೋವರೆಗೆ ನೀನೇ ಸರಿಸು,” ಎಂದರು. ನಾನು ಸರಿಸಿ ನಿಲ್ಲಿಸಿದ ಕಡೆ ಪೆನ್ಸಿಲಿನಿಂದ ಗೀಟು ಹಾಕಿದರು. ಮತ್ತೆ ಕೆಡಿಸಿದರು. ಮತ್ತೆ ಸರಿಸಿದೆ. ಮೂರು ಸಲವೂ ನಾನು ನಿಂತದ್ದು ಹೆಚ್ಚುಕಡಿಮೆ ಒಂದೇ ಗೀಟಿಗೆ. ಅಕ್ಕನನ್ನು ಕರೆದು ಅವಳಿಂದಲೂ ಮಾಡಿಸಿದರು. ಅವಳ ಗೀಟು ಬೇರೆ ಕಡೆ ಬಂತು. ನನ್ನದು ಅವಳದಕ್ಕಿಂತ ಒಂದು ಜೋಳದ ಕಾಳಿನಷ್ಟು ಒಳಗಿತ್ತು.

“ಮೇಷ್ಟ್ರೇ, ನಕ್ಷತ್ರ ಅಳೆಯೋಕೆ ಮುಂಚೆ ಅದನ್ನ ನೋಡೋ ಕಣ್ಣನ್ನ ಅಳೀಬೇಕು,” ಎಂದರು ಮೇಡಮ್. “ಒಬ್ಬರ ಅಳತೆ ಇನ್ನೊಬ್ಬರದಕ್ಕೆ ಕೂಡೋದಿಲ್ಲ. ಅದಕ್ಕೇ ನಾವು ಒಂದನ್ನೇ ಮತ್ತೆ ಮತ್ತೆ ಅಳೀತೀವಿ. ಅಳೆದವರು ಯಾರು ಅಂತಲೂ ಬರೆದಿಡ್ತೀವಿ. ಈ ಹುಡುಗಿಗೆ ದೂರದ್ದು ಕಾಣೋದಿಲ್ಲ. ಬೋರ್ಡೂ ಕಾಣೋದಿಲ್ಲ.”

ಆಮೇಲೆ ಪಡುವಣದ ಕಡೆ ಏನನ್ನೋ ಹುಡುಕಿ, ನನ್ನ ಗೀಟಿಗೆ ನಳಿಗೆ ಇಟ್ಟು ತೋರಿಸಿದರು. ನಾನು ನಳಿಗೆಯನ್ನು ಹಿಂದೆ ಮುಂದೆ ಸರಿಸಿದೆ. “ಮತ್ತೆ ಹತ್ತಿ ಐತೆ ಮೇಡಮ್. ಎಷ್ಟು ಸರಿಸಿದ್ರೂ ಹತ್ತೀನೇ.”

“ಹೆದರಬೇಡ. ಅದು ನಿಜವಾಗ್ಲೂ ಹತ್ತೀನೇ,” ಎಂದು ಅವರು ನಕ್ಕರು. ಅದು ಒಂದು ನಕ್ಷತ್ರವಲ್ಲ, ಲೆಕ್ಕವಿಲ್ಲದಷ್ಟು ನಕ್ಷತ್ರಗಳು ಸೇರಿದ ಗೆಲಾಕ್ಸಿ ಎಂದರು. ಆ ಬೆಳಕು ಅಲ್ಲಿಂದ ಹೊರಟಾಗ ಭೂಮಿಯಲ್ಲಿ ನಮ್ಮಂಥ ಮನುಷ್ಯರೇ ಇರಲಿಲ್ಲವಂತೆ. ಅಷ್ಟು ದೂರವನ್ನು ಅಳೆಯುವುದು ಹೇಗೆ ಎಂದು ಅಕ್ಕ ಕೇಳಿದಳು. ಮೇಡಮ್ ಆರಿಹೋಗಿದ್ದ ಬೀದಿ ದೀಪಗಳತ್ತ ಕೈ ತೋರಿಸಿದರು. “ನಿಮ್ಮಪ್ಪನ ಬಲ್ಬುಗಳೆಲ್ಲ ಒಂದೇ ಬೆಳಕಿನವು. ಆದರೂ ದೂರದ ಕಂಬದ್ದು ಮಂಕಾಗಿ ಕಾಣುತ್ತೆ ಅಲ್ವಾ? ಎಷ್ಟು ಮಂಕು ಅಂತ ಅಳೆದರೆ ಎಷ್ಟು ದೂರ ಅಂತ ಹೇಳಬಹುದು. ಆ ಗೆಲಾಕ್ಸಿಯಲ್ಲಿ ಏರುತ್ತಾ ಇಳಿಯುತ್ತಾ ಬೆಳಗೋ ನಕ್ಷತ್ರಗಳಿವೆ. ಒಂದು ಸಲ ಏರಿ ಇಳಿಯೋಕೆ ಎಷ್ಟು ದಿನ ಬೇಕು ಅನ್ನೋದರಿಂದ ಅವುಗಳ ನಿಜವಾದ ಬೆಳಕು ಗೊತ್ತಾಗುತ್ತೆ. ಆಮೇಲೆ ಅವು ಇಲ್ಲಿಗೆ ಎಷ್ಟು ಮಂಕಾಗಿ ಕಾಣ್ತವೆ ಅಂತ ನೋಡಿದರಾಯ್ತು.”

ಹೊರಡುವಾಗ ಅವರು ಅಪ್ಪನಿಗೆ ಹೇಳಿದರು: “ಇವಳ ಬುದ್ಧಿ ಮಂದ ಇಲ್ಲ. ಕಣ್ಣು ತೋರಿಸಿ.” ಅಪ್ಪ ತಲೆ ಎತ್ತಲಿಲ್ಲ. ಕೈ ಮುಗಿಯಲೂ ಇಲ್ಲ. ದೀಪ ಹಾಕಲು ನಡೆದುಬಿಟ್ಟರು.

ನಾನು ಹಿಂದೆಯೇ ಓಡಿದೆ. ಸ್ವಿಚ್ಚು ಹಾಕಿದರು, ಬೀದಿ ಬೆಳಗಿತು. ಮನೆಯ ದಾರಿಯಲ್ಲಿ ಅಪ್ಪ ಒಮ್ಮೆಲೇ ನಿಂತು, “ಆ ಕಂಬದ ನಂಬರು ಓದವ್ವ,” ಎಂದರು.

“ಕಂಬಕ್ಕೆ ನಂಬರು ಐತಾ ಅಪ್ಪ?”

ಪ್ರತಿ ಕಂಬದ ಮೇಲೂ ಬಿಳಿ ಬಣ್ಣದಲ್ಲಿ ನಂಬರು ಬರೆದವರು ಅಪ್ಪನೇ. ಅವರು ನನ್ನ ಹೆಗಲು ಹಿಡಿದು ಮೆಲ್ಲಮೆಲ್ಲಗೆ ಮುಂದೆ ನಡೆಸಿದರು. “ಈಗ? ಈಗ ಕಾಣ್ತದಾ?” ಕಂಬ ಕೈಗೆ ಸಿಗುವಷ್ಟು ಹತ್ತಿರ ಬಂದಾಗ ಓದಿದೆ. ಅಪ್ಪ ಅಲ್ಲೇ ಮೋರಿಯ ಕಟ್ಟೆಯ ಮೇಲೆ ಕುಳಿತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. “ನನ್ನ ಅಕ್ಷರಾನೇ ನೋಡಿಲ್ಲ ಇದು. ದಿನಾ ಇದೇ ದಾರ್ಯಾಗೆ ಓಡಾಡ್ತದೆ.” ಅವರು ನನಗೆ ಹೇಳುತ್ತಿರಲಿಲ್ಲ. ನಾನು ಇನ್ನೇನೋ ತಪ್ಪು ಮಾಡಿದೆನೆಂದುಕೊಂಡು, “ನಾಳಿಂದ ಕಾಣ್ತದೆ ಅಪ್ಪ,” ಎಂದೆ. ಅವರ ಹೆಗಲು ಇನ್ನಷ್ಟು ಕುಗ್ಗಿತು.

ಮುಂದಿನ ವಾರ ಚಿತ್ರದುರ್ಗದಲ್ಲಿ ಕನ್ನಡಕ ಬಂತು. ಅಂಗಡಿಯಿಂದ ಹೊರಗೆ ಬಂದಾಗ ಕೋಟೆಯ ಗುಡ್ಡದ ಮೇಲಿನ ಬಂಡೆಗಳು ಒಂದೊಂದಾಗಿ ಬಿಡಿಬಿಡಿಯಾಗಿ ಕುಳಿತಿದ್ದವು. ಶಾಲೆಯಲ್ಲಿ ನನ್ನ ಹೆಸರು ಸೋಡಾಬುಡ್ಡಿ ಎಂದಾಯಿತು. ನೆಂಟರು ಬಂದರೆ ಕನ್ನಡಕ ತೆಗೆದು ಬಚ್ಚಿಡುತ್ತಿದ್ದೆ. ಅಪ್ಪ ಹುಡುಕಿ ತಂದು ನನ್ನ ಕಿವಿಗೆ ಸಿಕ್ಕಿಸುತ್ತಿದ್ದರು. ‘ಮಂದ’ ಎಂಬ ಮಾತನ್ನು ಅವರು ಮತ್ತೆಂದೂ ಆಡಲಿಲ್ಲ. ಬಲ್ಬು ಮಂದ ಉರಿದರೂ ಬೇರೆ ಮಾತು ಹುಡುಕುತ್ತಿದ್ದರು.

ನಿಮ್ಮ ಕಾಲ ಬೇರೆ. ಶಾಲೆಗೇ ಬಂದು ಕಣ್ಣು ನೋಡುತ್ತಾರೆ. ನೀವು ಕನ್ನಡಕವನ್ನು ಬಣ್ಣ ನೋಡಿ ಆರಿಸುತ್ತೀರಿ. ನಾನು ಹತ್ತಿ ಎಂದ ಗೆಲಾಕ್ಸಿಯನ್ನು ನೀವು ಫೋನಿನಲ್ಲಿ ಸುರುಳಿ ಸುರುಳಿಯಾಗಿ ನೋಡುತ್ತೀರಿ. ಈಗಿನ ದೊಡ್ಡ ದೂರದರ್ಶಕಗಳಿಗೆ ಯಾರೂ ಕಣ್ಣು ಹಚ್ಚುವುದೇ ಇಲ್ಲವಂತೆ. ಕ್ಯಾಮರಾ ಗಂಟೆಗಟ್ಟಲೆ ಬೆಳಕು ಕೂಡಿಸಿಕೊಳ್ಳುತ್ತದೆ, ಕಂಪ್ಯೂಟರು ಅಳೆಯುತ್ತದೆ. ಆದರೂ ಮೊನ್ನೆ ನಿಮ್ಮಲ್ಲೊಬ್ಬಳು, “ಅಜ್ಜಿ, ಕ್ಲಾಸಲ್ಲಿ ಎಲ್ರೂ ಲೆಕ್ಕ ಅರ್ಥ ಆಯ್ತು ಅಂದ್ರು. ಆಗದಿದ್ರೂ ನಾನೂ ಆಯ್ತು ಅಂದೆ,” ಎಂದಳು. ಎಲ್ಲರಂತೆ ಎಂಟು ಎನ್ನದೆ ಒಂದು ಎಂದೇ ಹೇಳಿದ ಹುಡುಗಿ ನೆನಪಾದಳು; ಅದಕ್ಕೇ ಇವತ್ತು ಬರೆಯಲು ಕುಳಿತೆ.

ಅಪ್ಪ ಕೆಲವು ತಿಂಗಳಾದ ಮೇಲೆ ಆ ಮೇಡಮ್ಮನ್ನು ಹುಡುಕಿಕೊಂಡು ಕಾಲೇಜಿಗೆ ಹೋಗಿದ್ದರು. ಅವರಿಗೆ ಬೇರೆ ಊರಿಗೆ ವರ್ಗವಾಗಿತ್ತು. ಹೆಸರು ಕೇಳಿಕೊಂಡು ಬರುವುದಕ್ಕೂ ಅಪ್ಪನಿಗೆ ನಾಚಿಕೆ ಅಡ್ಡ ಬಂತು. ಕೊನೆಯ ದಿನಗಳಲ್ಲಿ, “ಆವತ್ತು ಹೊರಡೋ ಹೊತ್ನಾಗೆ ಆ ತಾಯಿಗೆ ಒಂದು ಕೈ ಮುಗೀಲಿಲ್ಲ ನಾನು,” ಎಂದು ಎರಡು ಸಲ ಹೇಳಿದರು. ಶ್ರೀರಾಂಪುರದ ಶಾಲೆಯ ಬಯಲಿಗೆ ತಗಡಿನ ಕೊಳವೆ ತಂದ ಆ ಮೇಡಮ್ ಯಾರು, ಈಗ ಎಲ್ಲಿದ್ದಾರೆ ಎಂದು ನಿಮ್ಮೊಂದಿಗೆ ಇದನ್ನು ಓದುವ ಇತರರಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಬರೆಯಿರಿ. ಅಪ್ಪ ಮುಗಿಯದೆ ಹೋದ ಕೈಯನ್ನು ನಾನು ಮುಗಿದು ಬರಬೇಕಾಗಿದೆ.