ಮೊದಲು ಯಾವ ಕಂಬ?

ಕಾಲೇಜಿನಲ್ಲಿ ಅವರಿಗೆ ಚಿಪ್ಪಿನ ಮೇಡಂ ಎಂದೇ ಹೆಸರು. ಮೊಟ್ಟೆಯ ಓಡು, ಬಟ್ಟಲು, ಗುಮ್ಮಟ, ಹೀಗೆ ತೆಳ್ಳಗೆ ಬಾಗಿದ ಯಾವುದೇ ವಸ್ತು ಭಾರ ಬಿದ್ದರೆ ಎಷ್ಟು ಬಗ್ಗುತ್ತದೆ, ಭಾರ ತೆಗೆದರೆ ಹೇಗೆ ಮೊದಲಿನಂತಾಗುತ್ತದೆ ಎಂಬುದಕ್ಕೆಲ್ಲ ಒಂದೇ ಸಿದ್ಧಾಂತ ಕಟ್ಟಬೇಕೆಂದು ಹತ್ತೊಂಬತ್ತು ವರ್ಷದಿಂದ ಹಟ ಹಿಡಿದಿದ್ದರು. ಕೂತಲ್ಲಿ ಕೂರುವ, ನಿಂತಲ್ಲಿ ನಿಲ್ಲುವ ಜೀವವಲ್ಲ. ಮನೆಯ ತಟ್ಟೆ ಲೋಟಗಳನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಒಂದೂ ನೆಟ್ಟಗಿರದಂತೆ ಮಾಡಿದ್ದರು. "ನಿನ್ನ ಸಿದ್ಧಾಂತ ಮುಗಿಯೋದ್ರೊಳಗೆ ನಾವು ಬೊಗಸೇಲೇ ನೀರು ಕುಡೀಬೇಕಾಗುತ್ತೆ" ಎಂದು ತಾಯಿ ಗೊಣಗುತ್ತಿದ್ದರು.

ಅವರ ಅಣ್ಣ ಕಟ್ಟಡದ ಮೇಸ್ತ್ರಿ. ತಾನು ಶಾಲೆಯ ಮೆಟ್ಟಿಲು ಹತ್ತಿದ್ದು ಅದಕ್ಕೆ ಸಿಮೆಂಟು ಬಳಿಯಲು ಮಾತ್ರ ಎಂದು ನಗುವ ಆಸಾಮಿ. ಗ್ರಂಥಾಲಯಕ್ಕೆ ನಾಲ್ಕು ಬೆರಳು ದಪ್ಪದ ಕಾಂಕ್ರೀಟ್ ಗುಮ್ಮಟ ಹಾಕುವ ಕೆಲಸ ಅವನಿಗೆ ಬಂತು, ಲೆಕ್ಕ ತಂಗಿಯದು. ಆ ಸಿದ್ಧಾಂತವನ್ನು ನಂಬಿ ಒಂದು ಸೂರು ಎದ್ದದ್ದು ಅದೇ ಮೊದಲು.

ಗುಮ್ಮಟವನ್ನು ಕೆಳಗಿನಿಂದ ಹೊತ್ತಿದ್ದ ಸೆಂಟ್ರಿಂಗ್ ಬಿಚ್ಚುವ ದಿನ ಬೆಳಿಗ್ಗೆ ಅಣ್ಣ ಕೇಳಿದ: "ಯಾವ ಕಂಬ ಮೊದಲು ಸಡಿಲ ಮಾಡ್ಲಿ?"

ಮೇಡಂ ತಬ್ಬಿಬ್ಬಾದರು. ಅವರ ಸಮೀಕರಣದಲ್ಲಿ ಭಾರವೆಲ್ಲ ಒಮ್ಮೆಗೇ ಬರುತ್ತಿತ್ತು. ಆಧಾರದ ಕಂಬಗಳು ಒಂದೊಂದಾಗಿ ಹೋಗುತ್ತವೆ ಎಂಬ ಮಾತೇ ಅದರಲ್ಲಿರಲಿಲ್ಲ. ಆದರೆ ಆಳುಗಳ ಮುಂದೆ ಗೊತ್ತಿಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ.

"ಅಂಚಿನಿಂದ ಶುರು ಮಾಡು. ಅಲ್ಲಿ ಗೋಡೆ ಇದೆಯಲ್ಲ" ಎಂದುಬಿಟ್ಟರು.

ಅಣ್ಣ ತಲೆಯಾಡಿಸಿ ಒಳಗೆ ಹೋದ. ಮೇಡಂ ರಸ್ತೆಯಾಚೆ ಮರಳಿನ ರಾಶಿಯನ್ನು ಸುತ್ತತೊಡಗಿದರು. ನೋಟುಪುಸ್ತಕ ತೆಗೆದು ಗುಮ್ಮಟ ಗೀಚಿದರು, ಅಂಚಿನ ಕಂಬಗಳನ್ನು ಹೊಡೆದುಹಾಕಿದರು. ಗುಮ್ಮಟ ಕೂದಲೆಳೆಯಷ್ಟಾದರೂ ಇಳಿಯಲೇಬೇಕು, ಆದರೆ ನಡುವಿನ ಕಂಬ ಇಳಿಯಲು ಬಿಡುವುದಿಲ್ಲ. ಭಾರವೆಲ್ಲ ಅದರ ಮೇಲೆ ಕೂತು ಅದು ಕೆಳಗಿನಿಂದ ನೆತ್ತಿಯನ್ನೇ ತಿವಿಯುತ್ತದೆ. ಚಿಪ್ಪು ಬಿರಿಯುತ್ತದೆ. ಬಿರಿದರೆ ಕೆಳಗಿರುವುದು ಅಣ್ಣ.

ಕಳಚಿದ ಚಪ್ಪಲಿಯನ್ನು ಅಲ್ಲೇ ಬಿಟ್ಟು ಓಡಿದರು. "ಅಣ್ಣಾ, ನಿಲ್ಲಿಸು! ತಪ್ಪು ಹೇಳ್ದೆ! ನಂಗೆ ಗೊತ್ತಿರ್ಲಿಲ್ಲ!"

ಒಳಗೆ ಸದ್ದೇ ಇಲ್ಲ. ಅಣ್ಣನೊಬ್ಬನೇ ಒಂದು ಹಲಗೆಯ ಮೇಲೆ ಕೂತಿದ್ದ. ಯಾವ ಕಂಬದ ತಿರುಪೂ ಅಲುಗಿರಲಿಲ್ಲ.

"ಆಳುಗಳನ್ನ ಟೀ ಕುಡಿಯೋಕೆ ಕಳಿಸಿದೀನಿ. ನಡುವಿನಿಂದ ಬಿಚ್ಚಬೇಕು ಅಂತ ನಂಗೆ ಯಾವತ್ತಿಂದಲೋ ಗೊತ್ತು ಕಣೇ."

"ಮತ್ತೆ ನನ್ನನ್ನ ಯಾಕೆ ಕೇಳ್ದೆ?"

"ನಿನ್ನ ಲೆಕ್ಕ ಏನನ್ನುತ್ತೋ ನೋಡೋಣ ಅಂತ."

"ತಪ್ಪು ಅಂತ ಆಗಲೇ ಹೇಳಬಾರದಿತ್ತಾ?"

"ಎಲ್ಲರೆದುರು ನಿನ್ನ ಮಾತು ತೆಗೆದುಹಾಕ್ಲಾ?" ಅಣ್ಣನ ದನಿ ಸ್ವಲ್ಪ ಗಡುಸಾಯಿತು. "ಹತ್ತೊಂಬತ್ತು ವರ್ಷ ಮನೇಲಿರೋ ತಟ್ಟೆ ಲೋಟ ಎಲ್ಲಾ ಒತ್ತಿ ನೋಡ್ದೆ. ನನ್ನನ್ನ ಒಂದು ಸಲನಾದ್ರೂ ಕೇಳಿದ್ಯಾ?"

ಕೇಳಿರಲಿಲ್ಲ. ಮೇಡಂಗೆ ನಾಚಿಕೆಯಿಂದ ಕಣ್ಣು ತುಂಬಿತು. ಬರಿಗಾಲಲ್ಲೇ ಹೋಗಿ ಅವನ ಪಕ್ಕ ಕೂತು, ಹೊಸ ಹಾಳೆ ತೆರೆದರು.

"ನಡುವಿನದು ಆದ ಮೇಲೆ ಯಾವುದಣ್ಣಾ?"